ಕಾಡು ಕಾಯುವವರು: ಗದಗ ಸೀಮೆಯ ವನ್ಯಜೀವಿ ಧಾಮ ಮತ್ತು ಅಲ್ಲಿ ದುಡಿಯುವ ಮಂದಿ

ವನ್ಯಜೀವಿ ಧಾಮದ ಸಿಬ್ಬಂದಿ ಎಂದರೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಘೋಷಣೆಯಾದ ಪ್ರದೇಶದಲ್ಲಿ ಪ್ರಾಣಿ, ಪಕ್ಷಿ, ಗಿಡಮರ, ನೀರು, ಗಡಿಕಲ್ಲು ಇವೆಲ್ಲವನ್ನೂ ಕಾಯುವ, ಲೆಕ್ಕ ಬರೆದಿಡುವ, ಊರವರಿಗೂ ಪ್ರಾಣಿಗಳಿಗೂ ತಕರಾರು ಬಂದಾಗ ನಡುವೆ ನಿಲ್ಲುವ ನೌಕರರು. ಬೆಂಗಳೂರಿನಲ್ಲಿ ಕೂರುವ ಮುಖ್ಯ ವನ್ಯಜೀವಿ ಪರಿಪಾಲಕರಿಂದ ಹಿಡಿದು ಬೇಸಿಗೆಯ ನಾಲ್ಕು ತಿಂಗಳಿಗಷ್ಟೇ ಕೆಲಸ ಸಿಗುವ ಬೆಂಕಿ ಕಾವಲುಗಾರನವರೆಗೆ ಈ ಸಾಲು ಉದ್ದವಿದೆ.

ಗದಗ ಜಿಲ್ಲೆಯ ಪ್ರಸಿದ್ಧ ವನ್ಯಜೀವಿ ಧಾಮ ಕಪ್ಪತಗುಡ್ಡ. ಅದು ಹರಡಿರುವುದು ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳಲ್ಲಿ. ಜಿಲ್ಲೆಯ ಬಡಗು ದಿಕ್ಕಿನ ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳು ಧಾಮದ ಗಡಿಯಿಂದ ಹೊರಗಿವೆ. ಚಿಗರಿ (ಕೃಷ್ಣಮೃಗ), ತೋಳ, ನರಿಗಳು ಮಾತ್ರ ಅಲ್ಲಿನ ಹೊಲಗಳಲ್ಲೂ ಗುಡ್ಡಗಳಲ್ಲೂ ಓಡಾಡುತ್ತವೆ. ಧಾಮದೊಳಗಿನ ಗಸ್ತೂ ಹೊಲದೊಳಗಿನ ಪಂಚನಾಮೆಯೂ ಅರಣ್ಯ ಇಲಾಖೆಯ ಕೆಳಹಂತದ ನೌಕರರ ಪಾಲಿಗೇ ಬರುತ್ತವೆ. ಈ ಸೀಮೆಯಲ್ಲಿ ವನ್ಯಜೀವಿ ಕಾಯುವ ಕೆಲಸದ ದೊಡ್ಡ ಪಾಲು ನಡೆಯುವುದು ಧಾಮದ ಗಡಿಯಾಚೆಗೆ. ಅದರ ಹೊರೆಯಲ್ಲಿ ಅರ್ಧ ಹೊರುವವರು ಸಂಬಳವಿಲ್ಲದ ರೈತರು ಮತ್ತು ಕುರಿಗಾರರು.

ಸೀಮೆ ಮತ್ತು ಪ್ರಾಣಿಸಂಪತ್ತು

ಕಪ್ಪತಗುಡ್ಡದ ಸಾಲು ಗದಗಿನ ದಕ್ಷಿಣಕ್ಕೆ ಎದ್ದು ತುಂಗಭದ್ರೆಯ ದಿಕ್ಕಿಗೆ ಚಾಚಿಕೊಂಡಿದೆ. ಗಾಳಿಗುಂಡಿ ಬಸವಣ್ಣನ ನೆತ್ತಿ, ಕಪ್ಪತಮಲ್ಲೇಶ್ವರನ ಗುಡಿ, ಬುಡದಲ್ಲಿ ಡೋಣಿ, ಡೋಣಿ ತಾಂಡಾ, ಅತ್ತಿಕಟ್ಟಿಯಂಥ ಊರುಗಳು. ಇಲ್ಲಿ ಮಲೆನಾಡಿನ ದಟ್ಟ ಕಾಡಿಲ್ಲ. ಕುರುಚಲು ಗಿಡ, ಬಾದೆಹುಲ್ಲು, ಔಷಧಿ ಸಸ್ಯಗಳು, ಕಬ್ಬಿಣದ ಅದಿರು ಬೆರೆತ ಕೆಂಪು ಕಲ್ಲು. ಕೊಂಡಕುರಿ, ಕತ್ತೆಕಿರುಬ, ಚಿರತೆ, ತೋಳ, ನರಿ, ಮುಳ್ಳುಹಂದಿ, ನವಿಲು ಇಲ್ಲಿನ ನಿವಾಸಿಗಳು. ಹುಲಿ, ಆನೆಗಳಿಲ್ಲದ ಕಾಡಿಗೆ ಕ್ಯಾಮೆರಾ ಹಿಡಿದು ಬರುವವರು ಕಡಿಮೆ. ಹುಲಿ ಸಂರಕ್ಷಿತ ಪ್ರದೇಶಗಳಿಗೆ ಹುಲಿ ಯೋಜನೆಯ ಹೆಸರಿನಲ್ಲಿ ಕೇಂದ್ರದಿಂದ ಬರುವ ದುಡ್ಡೂ ಇಲ್ಲಿಗಿಲ್ಲ.

ಬಡಗಿನ ಮೂರು ತಾಲ್ಲೂಕುಗಳ ಚಹರೆ ಬೇರೆ. ನರಗುಂದ ಮತ್ತು ರೋಣ ಮಲಪ್ರಭಾ ಹಾಗೂ ಬೆಣ್ಣಿಹಳ್ಳದ ಎರೆ ಸೀಮೆ. ಹೆಸರು, ಕಡಲೆ, ಬಿಳಿಜೋಳ, ಉಳ್ಳಾಗಡ್ಡಿ, ಮೆಣಸಿನಕಾಯಿ ಬೆಳೆಯುವ, ಕಣ್ಣು ಹಾಯುವಷ್ಟು ದೂರಕ್ಕೂ ಮರವಿಲ್ಲದ ಬಯಲು. ರೋಣದಿಂದ ಬೇರ್ಪಟ್ಟು ತಾಲ್ಲೂಕಾದ ಗಜೇಂದ್ರಗಡದಲ್ಲಿ ಕಲ್ಲುಗುಡ್ಡಗಳ ಸಾಲಿದೆ. ಒಂದು ನೆತ್ತಿಯ ಮೇಲೆ ಘೋರ್ಪಡೆಯವರ ಕೋಟೆ, ಗುಡ್ಡದ ಓರೆಯಲ್ಲಿ ಕಾಲಕಾಲೇಶ್ವರ, ಉಳಿದೆಡೆ ಗಾಳಿಯಂತ್ರಗಳು. ಎರೆ ಬಯಲು ಚಿಗರಿಗೆ ಒಗ್ಗಿದರೆ ಗುಡ್ಡದ ಪೊಟರೆಗಳು ತೋಳಕ್ಕೂ ಕಿರುಬಕ್ಕೂ ಒಗ್ಗುತ್ತವೆ.

ಧಾಮ ಆದದ್ದು ಹೇಗೆ

ಕಪ್ಪತಗುಡ್ಡಕ್ಕೆ ಧಾಮದ ಪಟ್ಟ ಸುಮ್ಮನೆ ಸಿಗಲಿಲ್ಲ. 2015ರ ಡಿಸೆಂಬರಿನಲ್ಲಿ 17,872 ಹೆಕ್ಟೇರ್ ಪ್ರದೇಶವನ್ನು ಸರ್ಕಾರ ಸಂರಕ್ಷಿತ ಮೀಸಲು ಎಂದು ಘೋಷಿಸಿತು. ವರ್ಷ ತುಂಬುವುದರೊಳಗೆ, 2016ರ ನವೆಂಬರಿನಲ್ಲಿ, ಅದೇ ಘೋಷಣೆಯನ್ನು ಹಿಂಪಡೆಯಿತು. ಚಿನ್ನ ಮತ್ತು ಅದಿರಿನ ಗಣಿಗಾರಿಕೆಗೆ ದಾರಿ ಮಾಡಿಕೊಡಲು ಹೀಗೆ ಮಾಡಲಾಗಿದೆ ಎಂಬ ಆಕ್ಷೇಪ ಜಿಲ್ಲೆಯ ತುಂಬ ಹಬ್ಬಿತು. ಗದಗಿನ ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತರು. ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯಲ್ಲಿ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಜಮೀನು ಕೊಡುವುದನ್ನು ವಿರೋಧಿಸಿ 2011ರಲ್ಲಿ ಗೆದ್ದ ಚಳವಳಿಗೂ ಬಲ ತುಂಬಿದ್ದವರು ಅವರೇ. ಕಪ್ಪತಗುಡ್ಡದ ನಂದಿವೇರಿ ಮಠದ ಶಿವಕುಮಾರ ಸ್ವಾಮೀಜಿ, ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠ ಜೊತೆಗೂಡಿದರು. 2017ರ ಆರಂಭದಲ್ಲಿ ಗದಗಿನಲ್ಲಿ ನಡೆದ ಧರಣಿಯ ನಂತರ, ಏಪ್ರಿಲ್‌ನಲ್ಲಿ ಮೀಸಲು ಮರಳಿ ಬಂತು. 2019ರ ಮೇ ತಿಂಗಳಲ್ಲಿ 244.15 ಚದರ ಕಿ.ಮೀ. ವಿಸ್ತಾರದ ವನ್ಯಜೀವಿ ಧಾಮವಾಯಿತು. ಸಿದ್ಧಲಿಂಗ ಸ್ವಾಮೀಜಿ ಅದನ್ನು ನೋಡಲಿಲ್ಲ. ಅವರು 2018ರ ಅಕ್ಟೋಬರಿನಲ್ಲಿ ಲಿಂಗೈಕ್ಯರಾಗಿದ್ದರು.

ಘೋಷಣೆಯ ಹಿಂದೆಯೇ ಸಿಬ್ಬಂದಿಯ ಕೆಲಸದ ಸ್ವರೂಪ ಬದಲಾಯಿತು. ಸಂರಕ್ಷಿತ ಮೀಸಲಿನಲ್ಲಿ ಸ್ಥಳೀಯರ ಹಕ್ಕುಗಳು ಬಹುಮಟ್ಟಿಗೆ ಮುಂದುವರಿಯುತ್ತವೆ. ಸುತ್ತಲಿನ ಗ್ರಾಮ ಪಂಚಾಯಿತಿಗಳ ಪ್ರತಿನಿಧಿಗಳೂ ಇರುವ ನಿರ್ವಹಣಾ ಸಮಿತಿ ಸಲಹೆ ಕೊಡುತ್ತದೆ. ಧಾಮವಾದರೆ ಒಳಗೆ ಕಾಲಿಡುವುದಕ್ಕೇ ಪರವಾನಗಿ ಬೇಕು. ಅಧ್ಯಯನ, ಛಾಯಾಗ್ರಹಣ, ಪ್ರವಾಸ, ಅಲ್ಲಿನ ನಿವಾಸಿಗಳೊಂದಿಗೆ ವ್ಯವಹಾರ ಹೀಗೆ ಯಾವ ಕಾರಣಕ್ಕೆ ಪರವಾನಗಿ ಕೊಡಬಹುದು ಎಂಬುದನ್ನು ಕಾಯ್ದೆಯೇ ಪಟ್ಟಿ ಮಾಡಿದೆ. ನಿನ್ನೆಯವರೆಗೆ ಬೇರು, ತೊಗಟೆ ಕಿತ್ತು ತರುತ್ತಿದ್ದ ನಾಟಿ ವೈದ್ಯನನ್ನೂ, ಸೌದೆ ಹೊರೆ ಹೊತ್ತು ಇಳಿಯುತ್ತಿದ್ದ ತಾಂಡಾದ ಹೆಂಗಸನ್ನೂ ತಡೆದು ಕೇಳಬೇಕಾದವನು ಅದೇ ಊರಿನ ಬಸ್ಸಿನಲ್ಲಿ ಓಡಾಡುವ ಗಸ್ತು ನೌಕರ.

ಹುದ್ದೆಗಳ ಸಾಲು

ಕಾಯ್ದೆಯ ಪ್ರಕಾರ ರಾಜ್ಯದ ಎಲ್ಲ ಧಾಮಗಳ ನಿಯಂತ್ರಣ, ನಿರ್ವಹಣೆ, ರಕ್ಷಣೆ ಮುಖ್ಯ ವನ್ಯಜೀವಿ ಪರಿಪಾಲಕರ ಹೊಣೆ. ಪ್ರಧಾನ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿ ದರ್ಜೆಯವರು ಈ ಸ್ಥಾನದಲ್ಲಿರುತ್ತಾರೆ. ಧಾರವಾಡದಲ್ಲಿ ವೃತ್ತದ ಮುಖ್ಯಸ್ಥರು, ಗದಗಿನಲ್ಲಿ ವಿಭಾಗದ ಮುಖ್ಯಸ್ಥರಾದ ಉಪ ಅರಣ್ಯ ಸಂರಕ್ಷಣಾಧಿಕಾರಿ, ಅವರ ಕೆಳಗೆ ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ ಮತ್ತು ವಲಯ ಅರಣ್ಯಾಧಿಕಾರಿಗಳು. ಜನರ ಬಾಯಲ್ಲಿ ‘ಡಿ.ಎಫ್.ಓ. ಸಾಹೇಬ್ರು’, ‘ರೇಂಜರ್’ ಎಂದರೆ ಇವರೇ.

ರೇಂಜರ್ ಕೈಕೆಳಗಿನ ಉಪ ವಲಯ ಅರಣ್ಯಾಧಿಕಾರಿಗೆ ಮೋಜಣಿದಾರ ಎಂಬ ಬಾಲವೂ ಅಂಟಿಕೊಂಡಿದೆ. ಗಡಿ ಅಳೆಯುವುದು, ನಕ್ಷೆ ಹಿಡಿದು ಒತ್ತುವರಿ ಪತ್ತೆ ಹಚ್ಚುವುದು ಆತನ ಕೆಲಸದಲ್ಲೇ ಸೇರಿದೆ. ಇನ್ನೂ ಕೆಳಗೆ ಹಿಂದೆ ಗಾರ್ಡ್ ಎನ್ನಿಸಿಕೊಳ್ಳುತ್ತಿದ್ದ ಗಸ್ತು ಅರಣ್ಯ ಪಾಲಕ. ಕಾಡಿನ ಒಂದು ಗಸ್ತಿಗೆ, ಅಂದರೆ ಆಡಳಿತದ ಅತಿ ಚಿಕ್ಕ ತುಂಡಿಗೆ, ಈತನೇ ಯಜಮಾನ. ಆತನ ಜೊತೆಗೆ ಅರಣ್ಯ ವೀಕ್ಷಕ, ಚಾಲಕ, ಸಸ್ಯಕ್ಷೇತ್ರದ ಕೂಲಿಗಳು, ಕಳ್ಳಬೇಟೆ ತಡೆ ಶಿಬಿರದ ಕಾವಲುಗಾರರು, ಬೇಸಿಗೆಯ ಬೆಂಕಿ ಕಾವಲುಗಾರರು. ಆನೆ ಶಿಬಿರಗಳಿರುವ ಧಾಮಗಳಲ್ಲಾದರೆ ಮಾವುತ, ಕಾವಾಡಿಗಳೂ ಸಾಲಿಗೆ ಸೇರುತ್ತಾರೆ. ಕಪ್ಪತಗುಡ್ಡದಲ್ಲಿ ಅವರ ಅಗತ್ಯವಿಲ್ಲ.

ಇಲಾಖೆಯ ಹೊರಗಿನ ಒಂದು ಹುದ್ದೆಗೂ ಕಾಯ್ದೆಯಲ್ಲಿ ಜಾಗವಿದೆ. ಅದು ಗೌರವ ವನ್ಯಜೀವಿ ಪರಿಪಾಲಕರದು. ಜಿಲ್ಲೆಯ ಪ್ರಾಣಿಪಕ್ಷಿಗಳನ್ನು ಬಲ್ಲ ಖಾಸಗಿ ವ್ಯಕ್ತಿಯನ್ನು ಸರ್ಕಾರ ಸಂಬಳವಿಲ್ಲದೆ ನೇಮಿಸುತ್ತದೆ. ನೆರೆಯ ಕೊಪ್ಪಳ ಜಿಲ್ಲೆಯಲ್ಲಿ ಈ ಸ್ಥಾನದಲ್ಲಿದ್ದ ಇಂದ್ರಜಿತ್ ಘೋರ್ಪಡೆ, ತಾವು ಕಟ್ಟಿದ ಡೆಕ್ಕನ್ ಕನ್ಸರ್ವೇಶನ್ ಫೌಂಡೇಶನ್ ಮೂಲಕ ತೋಳಗಳ ಬೆನ್ನು ಹತ್ತಿ ದಾಖಲೆ ಕಲೆಹಾಕಿದವರಲ್ಲಿ ಪ್ರಮುಖರು.

ಗಸ್ತು ಮತ್ತು ಮಹಜರು

ಗಸ್ತು ಅರಣ್ಯ ಪಾಲಕನ ದಿನದ ಕೆಲಸ ನಡೆಯುವುದು. ಗಡಿಕಲ್ಲು ಅಲುಗಾಡಿದೆಯೇ, ಗಂಧದ ಮರಕ್ಕೆ ಗರಗಸದ ಗುರುತಿದೆಯೇ, ನೀರಿನ ಹೊಂಡದ ಸುತ್ತ ಉರುಲು, ಬಲೆ ಕಟ್ಟಿದ್ದಾರೆಯೇ, ಹೊಸದಾಗಿ ಮಣ್ಣು ತೋಡಿದ್ದಾರೆಯೇ ಎಂದು ನೋಡುತ್ತ ಹೋಗಬೇಕು. ಹೆಜ್ಜೆ ಗುರುತು, ಹಿಕ್ಕೆ, ಉಗುರು ಗೀಚಿದ ಮರ ಕಂಡರೆ ಬರೆದುಕೊಳ್ಳಬೇಕು. ಕಿರುಬದ ಹಿಕ್ಕೆ ಒಣಗಿದಾಗ ಸುಣ್ಣದ ಉಂಡೆಯಂತೆ ಬೆಳ್ಳಗಾಗುತ್ತದೆ, ಅದು ಎಲುಬನ್ನೂ ಅರೆದು ತಿನ್ನುವ ಪ್ರಾಣಿ. ಈ ಗುರುತನ್ನು ಹೊಸಬರು ಹಳಬರ ಬೆನ್ನಿಗೆ ನಡೆದೇ ಕಲಿಯುವುದು.

ಅಪರಾಧ ಕಂಡರೆ ನಡಿಗೆ ನಿಂತು ಬರವಣಿಗೆ ಶುರುವಾಗುತ್ತದೆ. ಸ್ಥಳದಲ್ಲೇ ಪಂಚರ ಸಮ್ಮುಖ ಮಹಜರು, ಜಪ್ತಿ ಪಟ್ಟಿ, ನಕ್ಷೆ, ಪ್ರಥಮ ವರ್ತಮಾನ ವರದಿ. ತಪಾಸಣೆ, ಜಪ್ತಿ, ಬಂಧನದ ಅಧಿಕಾರವನ್ನು ವನ್ಯಜೀವಿ ಕಾಯ್ದೆಯ 50ನೇ ಪ್ರಕರಣ ಕೊಡುತ್ತದೆ. ಕಾಡಿನ ಉಳಿದ ಅಪರಾಧಗಳಿಗೆ 1963ರ ಕರ್ನಾಟಕ ಅರಣ್ಯ ಅಧಿನಿಯಮವಿದೆ. ಚಿಗರಿ, ತೋಳ, ಕೊಂಡಕುರಿ ಒಂದನೇ ಅನುಸೂಚಿಯ ಪ್ರಾಣಿಗಳು. ಇವುಗಳ ಬೇಟೆಗೆ 3ರಿಂದ 7 ವರ್ಷ ಜೈಲು. ಕನಿಷ್ಠ ದಂಡವನ್ನು 2022ರ ತಿದ್ದುಪಡಿ 10 ಸಾವಿರದಿಂದ 25 ಸಾವಿರ ರೂಪಾಯಿಗೆ ಏರಿಸಿತು. ಮಹಜರಿನಲ್ಲಿ ಒಂದು ಸಮಯ ತಪ್ಪಾಗಿ ನಮೂದಾದರೆ, ಒಬ್ಬ ಪಂಚ ಕೋರ್ಟಿನಲ್ಲಿ ಉಲ್ಟಾ ಹೊಡೆದರೆ ಇಡೀ ಪ್ರಕರಣ ಬಿದ್ದುಹೋಗಬಹುದು. ಕಾಗದದ ಮೇಲೆ ನಡೆಯುತ್ತಿದ್ದ ಈ ವ್ಯವಹಾರವನ್ನು ಆನ್‌ಲೈನಿಗೆ ತರಲು ರಾಜ್ಯ ಅರಣ್ಯ ಇಲಾಖೆ 2025ರ ಜನವರಿಯಲ್ಲಿ ‘ಗರುಡಾಕ್ಷಿ’ ಎಂಬ ವ್ಯವಸ್ಥೆ ಆರಂಭಿಸಿತು.

ಕಾಯ್ದೆ ಹೊರಿಸಿದ, ಆದರೆ ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲದ ಎರಡು ಹೊಣೆಗಳಿವೆ. ಧಾಮದಿಂದ 5 ಕಿ.ಮೀ. ಒಳಗಿನ ಜಾನುವಾರುಗಳಿಗೆ ಸಾಂಕ್ರಾಮಿಕ ರೋಗದ ಲಸಿಕೆ ಹಾಕಿಸುವುದು ಒಂದು, 10 ಕಿ.ಮೀ. ಒಳಗಿನ ನಿವಾಸಿಗಳ ಬಳಿ ಇರುವ ಪರವಾನಗಿ ಬಂದೂಕುಗಳನ್ನು ನೋಂದಾಯಿಸುವುದು ಇನ್ನೊಂದು. ಕುರಿ, ಆಡು ಸಾಕುವ ಕುಟುಂಬಗಳು ತುಂಬಿರುವ ಗದಗ ಜಿಲ್ಲೆಯಲ್ಲಿ ಮೊದಲನೆಯದಕ್ಕೆ ಪಶುವೈದ್ಯರ ನೆರವಿಲ್ಲದೆ ಮುಂದೆ ಹೋಗುವಂತಿಲ್ಲ.

ಬೆಂಕಿ ಕಾಲ

ಹಿಂಗಾರಿ ಮಳೆ ನಿಂತು ಬಾದೆಹುಲ್ಲು ಒಣಗುತ್ತಿದ್ದಂತೆ ಕಪ್ಪತಗುಡ್ಡದ ಸಿಬ್ಬಂದಿಗೆ ನಿದ್ದೆ ಕಡಿಮೆ. ಆಳೆತ್ತರದ ಹುಲ್ಲಿಗೆ ಕಿಡಿ ತಾಗಿದರೆ ಗಾಳಿಯ ಗುಡ್ಡದಲ್ಲಿ ಅದು ಕ್ಷಣದಲ್ಲಿ ಇಳಿಜಾರು ಹತ್ತುತ್ತದೆ. ಬೀಡಿ ತುಂಡು, ಹೊಲದಲ್ಲಿ ಸುಟ್ಟ ಕಸ, ಹಳೆ ಹುಲ್ಲು ಸುಟ್ಟರೆ ಮುಂಗಾರಿಗೆ ಚಿಗುರು ಚೆನ್ನಾಗಿ ಬರುತ್ತದೆಂಬ ನಂಬಿಕೆ, ಇವೇ ಸಾಮಾನ್ಯ ಕಾರಣಗಳು. ಬೆಂಕಿ ಬೀಳುವ ಮೊದಲೇ ಮಾಡುವ ಕೆಲಸ ಬೆಂಕಿ ರೇಖೆಯದು: ಹುಲ್ಲು ಕೆತ್ತಿ, ಹಿಡಿತದಲ್ಲಿಟ್ಟುಕೊಂಡು ಸುಟ್ಟು, ಬರಿಯ ನೆಲದ ಪಟ್ಟಿ ತೆಗೆಯುವುದು. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಉಪಗ್ರಹದ ಮೂಲಕ ಬಿಸಿ ಕಂಡ ಜಾಗದ ಅಕ್ಷಾಂಶ, ರೇಖಾಂಶವನ್ನು ಮೊಬೈಲಿಗೆ ಕಳಿಸುತ್ತದೆ. ಸಂದೇಶ ಬಂದ ಮೇಲೆ ಗುಡ್ಡ ಹತ್ತಬೇಕಾದದ್ದು ಕಾಲು.

ನಂದಿಸುವ ಸಲಕರಣೆ ಬಹಳ ಸರಳ. ಈಗ ಎಲೆ ಊದುವ ಬ್ಲೋವರ್‌ಗಳು ಬಂದಿವೆಯಾದರೂ ಎಲ್ಲ ಕಡೆ ಕೈಗೆ ಸಿಗುವುದು ಹಸಿ ತಪ್ಪಲಿನ ಟೊಂಗೆ. ನಾಲ್ಕೈದು ಜನ ಸಾಲಾಗಿ ನಿಂತು, ಗಾಳಿ ಬೆನ್ನಿಗಿರುವಂತೆ ನೋಡಿಕೊಂಡು, ಜ್ವಾಲೆಯ ಬುಡಕ್ಕೆ ಬಡಿಯುತ್ತ ಸಾಗುತ್ತಾರೆ. ಮೇಲಕ್ಕೆತ್ತಿ ಬಡಿದರೆ ಕಿಡಿ ಹಾರಿ ಹಿಂದಿನ ಹುಲ್ಲಿಗೆ ಬೀಳುತ್ತದೆ. ಟೊಂಗೆಯನ್ನು ನೆಲಕ್ಕೆ ಒತ್ತಿ ಎಳೆಯಬೇಕು. ಎಲೆ ಸೀದು ಕಡ್ಡಿ ಉಳಿದಾಗ ಇನ್ನೊಂದು ಮುರಿದುಕೊಳ್ಳಬೇಕು. ಬೆಂಕಿ ಆರಿದ ಮೇಲೂ ಬೊಡ್ಡೆಗಳಲ್ಲಿ ಕೆಂಡ ಉಳಿದಿರುವುದರಿಂದ ಒಬ್ಬಿಬ್ಬರು ಅಲ್ಲೇ ಕಾಯುತ್ತಾರೆ.

ಈ ಕೆಲಸದಲ್ಲಿ ಜೀವ ಹೋಗುತ್ತದೆ. 2017ರ ಫೆಬ್ರುವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ನಂದಿಸಲು ಹೋದ ಅರಣ್ಯ ರಕ್ಷಕ ಮುರಿಗೆಪ್ಪ ತಮ್ಮನಗೋಳ ಮೃತಪಟ್ಟರು. ಅವರು ಬೆಳಗಾವಿ ಜಿಲ್ಲೆಯವರು. 2018ರ ಮಾರ್ಚಿನಲ್ಲಿ ನಾಗರಹೊಳೆಯ ಕ್ಷೇತ್ರ ನಿರ್ದೇಶಕ ಎಸ್. ಮಣಿಕಂದನ್ ಕಾಡಿನಲ್ಲಿ ಆನೆ ದಾಳಿಗೆ ಬಲಿಯಾದರು. ಕಾಡುಗಳ್ಳ ವೀರಪ್ಪನ್ 1991ರ ನವೆಂಬರ್ 10ರಂದು ಕೊಂದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರ ಹೆಸರು ರಾಜ್ಯದ ಅರಣ್ಯ ನೌಕರರ ನಡುವೆ ಇಂದಿಗೂ ಮೊದಲು ಬರುತ್ತದೆ. ಸೆಪ್ಟೆಂಬರ್ 11 ಅರಣ್ಯ ಹುತಾತ್ಮರ ದಿನ. 1730ರಲ್ಲಿ ರಾಜಸ್ಥಾನದ ಖೇಜಡ್ಲಿಯಲ್ಲಿ ಮರ ಕಡಿಯುವುದನ್ನು ತಡೆದು ಪ್ರಾಣ ಕೊಟ್ಟ 363 ಬಿಷ್ಣೋಯಿಗಳ ನೆನಪಿಗೆ ಆ ದಿನವನ್ನು ಆರಿಸಲಾಗಿದೆ. ಜಗತ್ತಿನ ಕಾಡುಪಾಲಕರೆಲ್ಲರಿಗಾಗಿ ಜುಲೈ 31ನ್ನು ವಿಶ್ವ ರೇಂಜರ್ ದಿನವಾಗಿ ಆಚರಿಸಲಾಗುತ್ತದೆ.

ಮಾಗಡಿ ಕೆರೆಯ ಕಾವಲು

ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ ಸುಮಾರು 54 ಹೆಕ್ಟೇರಿನ ಸಂರಕ್ಷಿತ ಮೀಸಲು. 2024ರ ಆರಂಭದಲ್ಲಿ ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆಯ ಜೊತೆ ಇದೂ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳಿಂದ ಕೆರೆಗೆ ಹೆಸರು ಬಂದಿದೆ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡುಬಂದಿವೆ.

ಇಲ್ಲಿ ಕಾವಲುಗಾರನಿಗೆ ಗುಡ್ಡ ಹತ್ತುವ ದುಡಿಮೆಯಿಲ್ಲ, ತಾಳ್ಮೆಯ ದುಡಿಮೆಯಿದೆ. ಹಕ್ಕಿಗಳು ಹಗಲು ನೀರಿನಲ್ಲಿ ವಿಶ್ರಮಿಸಿ, ಸಂಜೆಗತ್ತಲಿಗೆ ಸುತ್ತಲಿನ ಹೊಲಗಳಿಗೆ ಮೇಯಲು ಹಾರುತ್ತವೆ. ನಾಯಿ ಅಟ್ಟುವವರನ್ನು, ಮೀನಿನ ಬಲೆಯವರನ್ನು, ಹಕ್ಕಿ ಎದ್ದು ಹಾರುವ ಚಿತ್ರ ಬೇಕೆಂದು ಕಲ್ಲು ಬೀರುವ ಹುಡುಗರನ್ನು ತಡೆಯಬೇಕು. ವರ್ಷಕ್ಕೆ ನಾಲ್ಕೇ ತಿಂಗಳು ಇರುವ ಅತಿಥಿಗಳಿಗಾಗಿ ಉಳಿದ ಎಂಟು ತಿಂಗಳೂ ಕೆರೆಯ ಹೂಳು, ಒತ್ತುವರಿ, ಕಸ ನೋಡಿಕೊಳ್ಳಬೇಕು.

ರೋಣ, ನರಗುಂದದ ಚಿಗರಿ ಹೊಲಗಳು

ಎರೆ ಸೀಮೆಯಲ್ಲಿ ಅರಣ್ಯ ಸಿಬ್ಬಂದಿ ಎಂದರೆ ಜನರಿಗೆ ನೆನಪಾಗುವುದು ಪರಿಹಾರದ ಅರ್ಜಿ. ಮುಂಗಾರಿಯಲ್ಲಿ ಹೆಸರು ಎರಡೆಲೆ ಒಡೆದಾಗ, ಹಿಂಗಾರಿಯಲ್ಲಿ ಕಡಲೆ ಚಿಗುರಿದಾಗ ಚಿಗರಿ ಹಿಂಡು ಇಳಿಯುತ್ತದೆ. ತಿಂದದ್ದಕ್ಕಿಂತ ಗೊರಸಿಗೆ ಸಿಕ್ಕಿ ನೆಲಕಚ್ಚಿದ್ದೇ ಹೆಚ್ಚು ಎಂಬುದು ರೈತರ ದೂರು. ಹೊಲದ ನಡುವೆ ಅಟ್ಟ ಕಟ್ಟಿ, ಡಬ್ಬಿ ಬಡಿದು, ಹಳೆ ಸೀರೆಗಳನ್ನು ಬದುವಿನುದ್ದ ಕಟ್ಟಿ ರಾತ್ರಿ ಕಾಯುವುದು ಅವರ ಪಾಲಿನ ಗಸ್ತು.

ನಷ್ಟದ ಅರ್ಜಿ ಬಂದಾಗ ಗಸ್ತು ನೌಕರ ಹೊಲಕ್ಕೆ ಬಂದು ಗೊರಸಿನ ಗುರುತು ನೋಡುತ್ತಾನೆ. ಚಿಗರಿಯ ಗೊರಸು ಚೂಪು. ಕಾಡುಹಂದಿ ಬಂದಿದ್ದರೆ ನೆಲವೇ ಉತ್ತಂತೆ ಕೆದರಿರುತ್ತದೆ. ಪಹಣಿ, ಬ್ಯಾಂಕ್ ಪುಸ್ತಕ, ಬೆಳೆಯ ಭಾವಚಿತ್ರ ತೆಗೆದುಕೊಂಡು, ಹಾಳಾದ ವಿಸ್ತೀರ್ಣ ಅಂದಾಜಿಸಿ ‘ಇ-ಪರಿಹಾರ’ ತಂತ್ರಾಂಶಕ್ಕೆ ಏರಿಸಬೇಕು. ಮಳೆಗಾಲದಲ್ಲಿ ಎರೆ ಹೊಲಕ್ಕೆ ಬೈಕು ಹೋಗದು. ಮಣ್ಣು ಗಾಲಿಗೆ ಮೆತ್ತಿಕೊಂಡು ಗಾಡಿ ನಿಂತಲ್ಲೇ ನಿಲ್ಲುತ್ತದೆ, ಉಳಿದ ದಾರಿ ಕೈಯಲ್ಲಿ ಚಪ್ಪಲಿ ಹಿಡಿದು ನಡೆಯುವುದೇ. ಮೊಳಕೆಯಲ್ಲೇ ಹಾಳಾದ ಬೆಳೆಗೆ ಮುಂದಿನ ಇಳುವರಿಯ ಲೆಕ್ಕ ಹೇಗೆ ಹಿಡಿಯುವುದೆಂಬ ಜಗಳ ಅಲ್ಲಿಯೇ ಶುರುವಾಗುತ್ತದೆ. ಮರುಬಿತ್ತನೆ ಮಾಡಿದವನಿಗೆ ನಷ್ಟದ ಗುರುತೇ ಉಳಿದಿರುವುದಿಲ್ಲ. ಚಿಗರಿಗಳನ್ನು ಹಿಡಿದು ಬೇರೆ ಕಡೆ ಸಾಗಿಸಿ ಎಂಬ ಬೇಡಿಕೆ ಹಳೆಯದು. ಬೆದರಿದರೆ ಗುಂಡಿಗೆ ಒಡೆದು ಸಾಯುವಷ್ಟು ಸೂಕ್ಷ್ಮವಾದ ಪ್ರಾಣಿಯನ್ನು ಹಿಂಡುಗಟ್ಟಲೆ ಹಿಡಿಯುವುದು ನುರಿತ ಪಶುವೈದ್ಯರಿಗೂ ಕಷ್ಟದ ಮಾತು.

ಚಿಗರಿಗೆಂದೇ ಮೀಸಲಾದ ನಾಡು ಹಾವೇರಿ ಜಿಲ್ಲೆಯ ರಾಣೇಬೆನ್ನೂರು ಧಾಮ. 1974ರಲ್ಲಿ ಘೋಷಣೆಯಾದ ಇದರ ವಿಸ್ತಾರ 119 ಚದರ ಕಿ.ಮೀ. ಅಲ್ಲಿಯೂ ಸಂಜೆಯಾದರೆ ಹಿಂಡು ಬೇಲಿ ದಾಟಿ ಹೊಲಕ್ಕೆ ಇಳಿಯುವುದು ತಪ್ಪಿಲ್ಲ.

ತೋಳ ಮತ್ತು ಕುರಿಗಾರ

ಗಜೇಂದ್ರಗಡದ ಗುಡ್ಡಗಳಿಂದ ಕೊಪ್ಪಳದ ಯಲಬುರ್ಗಾ, ಕುಷ್ಟಗಿಯವರೆಗೆ ತೋಳದ ದಾರಿಯೂ ಕುರಿ ಹಿಂಡಿನ ದಾರಿಯೂ ಒಂದೇ. ಕುರಿಗಾರರ ಬಾಯಲ್ಲಿ ಅದು ‘ತ್ವಾಳ’. ಹಟ್ಟಿಯ ಸುತ್ತ ಬಲೆ ಕಟ್ಟಿ, ನಾಯಿ ಬಿಟ್ಟು, ನಾಲ್ಕು ಮೂಲೆಗೆ ನಾಲ್ಕು ಜನ ಮಲಗಿದರೂ ಮರಿಯೊಂದು ಹೋಗಿರುತ್ತದೆ. ಪರಿಹಾರ ಬೇಕೆಂದರೆ ಸತ್ತ ಕುರಿಯನ್ನು ಅಲ್ಲಿಯೇ ಬಿಟ್ಟು, ಅರಣ್ಯ ಸಿಬ್ಬಂದಿ ಮತ್ತು ಪಶುವೈದ್ಯರು ಬರುವವರೆಗೆ ಕಾಯಬೇಕು. ವೈದ್ಯರು ಕೊರಳಿನ ಹಲ್ಲಿನ ಗುರುತು ನೋಡಿ ತೋಳವೋ ಬೀದಿನಾಯಿಯೋ ಎಂದು ಹೇಳಿದ ಮೇಲೆ ಮಹಜರು. ಮೇವು ಮುಗಿದು ಮುಂದಿನೂರಿಗೆ ಹೋಗಲೇಬೇಕಾದ ಹಿಂಡಿಗೆ ಒಂದು ದಿನ ನಿಲ್ಲುವುದೂ ನಷ್ಟ. ತೋಳ ಮರಿಯನ್ನು ಕಚ್ಚಿಕೊಂಡು ಹೋಗಿದ್ದರೆ ತೋರಿಸಲು ಕಳೇಬರವೇ ಇರುವುದಿಲ್ಲ. ಹೀಗಾಗಿ ಎಷ್ಟೋ ನಷ್ಟಗಳು ದಾಖಲೆಗೆ ಬರದೇ ಹೋಗುತ್ತವೆ.

ಹಾಗಿದ್ದೂ ಈ ಬಯಲಿನಲ್ಲಿ ತೋಳ ಉಳಿದಿರುವುದರಲ್ಲಿ ಕುರಿಗಾರರ ಸಹನೆಯ ಪಾಲು ದೊಡ್ಡದು. ಚಿಗರಿ, ಮೊಲ ಕಡಿಮೆಯಾದ ಕಡೆ ತೋಳದ ಹೊಟ್ಟೆ ತುಂಬುವುದು ಕುರಿಯಿಂದಲೇ. ಪೊಟರೆ ಎಲ್ಲಿದೆ, ಈ ವರ್ಷ ಎಷ್ಟು ಮರಿ ಎಂಬುದನ್ನು ಮೊದಲು ಬಲ್ಲವರು ಅವರೇ. ಸಂಶೋಧಕರೂ ಗಸ್ತಿನವರೂ ವಿಚಾರಿಸುವುದು ಅವರನ್ನೇ.

ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಸುಮಾರು 332 ಹೆಕ್ಟೇರ್ ಪ್ರದೇಶ ಈಗ ತೋಳಗಳಿಗೇ ಮೀಸಲಾದ ಧಾಮ. ಜಾರ್ಖಂಡದ ಮಹುವಾಡಾಂಡ್‌ನಲ್ಲಿ 1976ರಲ್ಲಿ ದೇಶದ ಮೊದಲ ತೋಳ ಧಾಮ ಆಗಿತ್ತು. ಕರ್ನಾಟಕಕ್ಕೆ ಬಂಕಾಪುರವೇ ಮೊದಲನೆಯದು. 2025ರಲ್ಲಿ ಇಲ್ಲಿ ತೋಳವೊಂದು 8 ಮರಿ ಹಾಕಿದ ಸುದ್ದಿ ಹೊರಬಿತ್ತು. ಆಗ ಸಿಬ್ಬಂದಿಗೆ ಬಂದ ಮುಖ್ಯ ಕೆಲಸ, ಮರಿ ನೋಡಲು ಬರುವವರನ್ನು ಪೊಟರೆಯಿಂದ ದೂರ ಇಡುವುದು. ಜನರ ಸುಳಿದಾಟ ಹೆಚ್ಚಾದರೆ ತಾಯಿ ಮರಿಗಳನ್ನು ಬಾಯಲ್ಲಿ ಕಚ್ಚಿ ಬೇರೆಡೆಗೆ ಸಾಗಿಸುತ್ತದೆ, ಆ ದಾರಿಯಲ್ಲೇ ಮರಿಗಳು ನಾಯಿಗೋ ವಾಹನಕ್ಕೋ ಸಿಗುವ ಅಪಾಯ ಹೆಚ್ಚು.

ಉಣಿಸುವವರು

ಕೆಲವರ ಕೆಲಸ ಪ್ರಾಣಿಗೆ ಊಟ ಹಾಕುವುದು. 1994ರಲ್ಲಿ ಘೋಷಣೆಯಾದ ದರೋಜಿ ಕರಡಿ ಧಾಮದಲ್ಲಿ ಸಿಬ್ಬಂದಿ ಮಧ್ಯಾಹ್ನ ಬಂಡೆಗಳ ಮೇಲೆ ಬೆಲ್ಲ ಕಲಸಿದ ತಿನಿಸನ್ನು ಮೆತ್ತಿ ಬರುತ್ತಾರೆ. ಇಳಿಹೊತ್ತಿಗೆ ಗುಹೆಯಿಂದ ಇಳಿಯುವ ಕರಡಿಗಳು ಅದನ್ನು ನೆಕ್ಕುವುದನ್ನು ಪ್ರವಾಸಿಗರು ಎದುರಿನ ಗೋಪುರದಿಂದ ನೋಡುತ್ತಾರೆ. ಕಾಡುಪ್ರಾಣಿಗೆ ಹೀಗೆ ಉಣಿಸುವುದು ಸರಿಯೇ ಎಂಬ ಚರ್ಚೆಯೂ ಬೆಳೆದಿದೆ.

ಗದಗಿನ ಬಳಿಯ ಬಿಂಕದಕಟ್ಟಿಯಲ್ಲಿರುವುದು ಕರ್ನಾಟಕ ಮೃಗಾಲಯ ಪ್ರಾಧಿಕಾರದ ಕಿರು ಮೃಗಾಲಯ. ಅಲ್ಲಿನ ಪ್ರಾಣಿ ಪಾಲಕರು ಇಲಾಖೆಯ ಗಸ್ತಿನವರಲ್ಲ. ಅವರದು ಆವರಣ ತೊಳೆಯುವ, ಮಾಂಸ ತೂಗುವ, ಊಟ ಬಿಟ್ಟ ಪ್ರಾಣಿಯನ್ನು ವೈದ್ಯರಿಗೆ ತೋರಿಸುವ ದಿನಚರಿ. ಸಿಂಹ, ಹುಲಿ, ಚಿರತೆಗಳಿಗೆ ವಾರಕ್ಕೊಂದು ದಿನ ಉಪವಾಸ ಹಾಕುವುದು ಮೃಗಾಲಯಗಳ ರೂಢಿ.

ನೇಮಕ, ತರಬೇತಿ, ಕೂಲಿ

ವೀಕ್ಷಕ ಹುದ್ದೆಗೆ ಎಸ್ಸೆಸ್ಸೆಲ್ಸಿ, ಗಸ್ತು ಅರಣ್ಯ ಪಾಲಕನಿಗೆ ಪಿಯುಸಿ ಕನಿಷ್ಠ ಓದು. 2023ರ ಕೊನೆಗೆ ಇಲಾಖೆ 310 ವೀಕ್ಷಕರ ಮತ್ತು 540 ಗಸ್ತು ಅರಣ್ಯ ಪಾಲಕರ ಹುದ್ದೆಗಳಿಗೆ ಅರ್ಜಿ ಕರೆದಿತ್ತು. ಅಂಕಗಳ ಜೊತೆಗೆ ಓಟ, ಜಿಗಿತ, ಗುಂಡು ಎಸೆತದ ಪರೀಕ್ಷೆಯೂ ಇರುವುದರಿಂದ ಅರ್ಜಿ ಹಾಕಿದವರು ಬೆಳಗಿನ ಜಾವ ಊರ ಮೈದಾನಗಳಲ್ಲಿ ಓಡುತ್ತಾರೆ. ತರಬೇತಿಗೆ ಧಾರವಾಡದ ಹತ್ತಿರದ ಗುಂಗರಗಟ್ಟಿಯಲ್ಲಿ ಅರಣ್ಯ ಅಕಾಡೆಮಿಯಿದೆ, ಹಳಿಯಾಳದ ಕಡೆ ತಟ್ಟಿಹಳ್ಳದಲ್ಲೂ ಕೇಂದ್ರವಿದೆ. ಭಾರತೀಯ ಅರಣ್ಯ ಸೇವೆಗೆ ಮಹಿಳೆಯರು ಮೊದಲು ಸೇರಿದ್ದು 1980ರಲ್ಲಿ. ಈಗ ಗಸ್ತಿನ ಹುದ್ದೆಯಲ್ಲೂ ಹೆಣ್ಣುಮಕ್ಕಳಿದ್ದಾರೆ. ಊರಿನಿಂದ ದೂರದ ವಸತಿಗೃಹ, ರಾತ್ರಿ ಗಸ್ತು, ಶೌಚಾಲಯವಿಲ್ಲದ ಶಿಬಿರ ಅವರಿಗೆ ಕಾಡುಪ್ರಾಣಿಗಿಂತ ದೊಡ್ಡ ತೊಡಕು.

ಸಾಲಿನ ಕಟ್ಟಕಡೆಯಲ್ಲಿರುವವರು ದಿನಗೂಲಿಗಳು. ಪ್ರಾಣಿಯ ಸುಳಿವನ್ನು ಚೆನ್ನಾಗಿ ಬಲ್ಲವರು ಬಹುಪಾಲು ಇವರೇ, ಏಕೆಂದರೆ ಇವರು ವರ್ಗವಾಗಿ ಹೋಗುವುದಿಲ್ಲ. ವಾಣಿಜ್ಯ ತೆರಿಗೆ ಇಲಾಖೆಯ ತಾತ್ಕಾಲಿಕ ನೌಕರರಿಂದ ಹುಟ್ಟಿದ ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರ ಏಪ್ರಿಲ್ 10ರಂದು ಕೊಟ್ಟ ತೀರ್ಪು ಹಿಂಬಾಗಿಲ ಕಾಯಮಾತಿಗೆ ತಡೆ ಹಾಕಿತು. ಅದರ ಬಿಸಿ ಅರಣ್ಯ ಇಲಾಖೆಯ ದಿನಗೂಲಿಗಳಿಗೂ ತಟ್ಟಿತು. ಆ ಬಳಿಕ ರಾಜ್ಯ ತಂದ ಕರ್ನಾಟಕ ದಿನಗೂಲಿ ನೌಕರರ ಕ್ಷೇಮಾಭಿವೃದ್ಧಿ ಅಧಿನಿಯಮ, 2012 ಅರ್ಹ ಹಳಬರಿಗೆ 60 ವರ್ಷದವರೆಗೆ ಕೆಲಸದ ಭದ್ರತೆ ಕೊಟ್ಟಿತು. ನಂತರ ಸೇರಿದ ಕಾವಲುಗಾರರು ಹೆಚ್ಚಾಗಿ ಹೊರಗುತ್ತಿಗೆಯವರು. ಅವರ ಸಂಬಳ ಗುತ್ತಿಗೆದಾರನ ಮೂಲಕ ಬರುತ್ತದೆ, ಬೆಂಕಿ ಕಾವಲಿನವರಿಗೆ ಮಳೆ ಬಿದ್ದರೆ ಕೆಲಸವೇ ಮುಗಿಯುತ್ತದೆ.

ಈಗಿನ ತೊಡಕುಗಳು

ಕಪ್ಪತಗುಡ್ಡದ ಸುತ್ತ ಕಲ್ಲುಗಣಿ, ಕ್ರಷರ್‌ಗಳ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ಸಂರಕ್ಷಿತ ಪ್ರದೇಶಗಳ ಅಂಚಿನಲ್ಲಿ ಕನಿಷ್ಠ 1 ಕಿ.ಮೀ. ಪರಿಸರ ಸೂಕ್ಷ್ಮ ವಲಯ ಇರಬೇಕೆಂದು ಸುಪ್ರೀಂ ಕೋರ್ಟ್ 2022ರ ಜೂನ್ 3ರಂದು ಆದೇಶಿಸಿ, 2023ರ ಏಪ್ರಿಲಿನಲ್ಲಿ ಅದನ್ನು ಸಡಿಲಿಸಿತು. ಪ್ರಕರಣ ಕೋರ್ಟಿಗೆ ಹೋದಾಗಲೆಲ್ಲ ಗಡಿಯಿಂದ ಗಣಿಗೆ ಎಷ್ಟು ದೂರ, ಸ್ಫೋಟದ ಸದ್ದು ಎಲ್ಲಿಯವರೆಗೆ ಕೇಳುತ್ತದೆ, ಯಾವ ಪ್ರಾಣಿ ಯಾವ ಹಳ್ಳ ದಾಟುತ್ತದೆ ಎಂಬ ವಿವರ ಬೇಕಾಗುತ್ತದೆ. ಆ ವಿವರ ಬರುವುದು ಗಸ್ತಿನವರ ದಿನಚರಿ ಪುಸ್ತಕದಿಂದ ಮತ್ತು ಮರಕ್ಕೆ ಕಟ್ಟಿದ ಕ್ಯಾಮೆರಾ ಟ್ರ್ಯಾಪ್‌ನಿಂದ.

1993ರಿಂದ ರಾಜ್ಯದಲ್ಲಿರುವ ಜಂಟಿ ಅರಣ್ಯ ಯೋಜನೆಯ ಗ್ರಾಮ ಅರಣ್ಯ ಸಮಿತಿಗಳು ಇಲಾಖೆಗೂ ಊರಿಗೂ ನಡುವಿನ ಕೊಂಡಿ. ಸಮಿತಿ ಗಟ್ಟಿಯಿರುವ ಊರಿನಲ್ಲಿ ಹೊಗೆ ಕಂಡ ಕೂಡಲೇ ರೇಂಜರ್ ಕಚೇರಿಗೆ ಫೋನು ಬರುತ್ತದೆ, ಹುಡುಗರು ಟೊಂಗೆ ಹಿಡಿದು ಮೊದಲು ಗುಡ್ಡ ಹತ್ತಿರುತ್ತಾರೆ. ಬಡಗಿನ ಬಯಲಿನಲ್ಲಿ ಇಂಥ ಕೊಂಡಿ ತೆಳ್ಳಗಿದೆ. ಅಲ್ಲಿ ಮೀಸಲು ಕಾಡೂ ಕಡಿಮೆ, ಕಾಡಿನ ಸಿಬ್ಬಂದಿಯೂ ಕಡಿಮೆ. ಗುಡ್ಡದಲ್ಲಿ ಚಿರತೆ ಕಂಡಿದೆ ಎಂದರೆ ಬೋನು ಹೊತ್ತು ತರಬೇಕು, ಬಾವಿಗೆ ನರಿ ಬಿದ್ದಿದೆ ಎಂದರೆ ಹಗ್ಗ ತರಬೇಕು, ಹಾವಿಗೆ ಊರಿನ ಉರಗ ರಕ್ಷಕನನ್ನು ಕರೆಯಬೇಕು. ಅದೇ ದಿನ ನರಗುಂದದ ಹೊಲದಿಂದ ಚಿಗರಿ ಅರ್ಜಿ, ಗಜೇಂದ್ರಗಡದ ಹಟ್ಟಿಯಿಂದ ತೋಳದ ಕರೆ ಬಂದರೆ ಯಾವುದಕ್ಕೆ ಮೊದಲು ಹೋಗುವುದೆಂದು ತೀರ್ಮಾನಿಸುವವನು ಒಬ್ಬನೇ, ಅವನ ಬಳಿ ಇರುವ ಬೈಕೂ ಒಂದೇ.